ಹುಬ್ಬೇರಿಸದೆ ನಲವತ್ತು ನಿಮಿಷ

ನಾಲ್ಕನೆಯ ತರಗತಿಗೆ ಇಪ್ಪತ್ತೇಳು ವರ್ಷ ಪಾಠ ಹೇಳಿದ ಆಕೆಯನ್ನು ಎಲ್ಲರೂ ಕರೆಯುವುದು ಭೇಷ್ ಟೀಚರ್ ಎಂದು. ಮಗುವಿನ ಉತ್ತರ ಪೂರ್ತಿ ಹೊರಬರುವ ಮುಂಚೆಯೇ ಭೇಷ್ ಅಂದುಬಿಡುವ ಚಪಲ ಅವರದು. ಇಂಥವರು ಮಕ್ಕಳೊಂದಿಗೆ ತತ್ತ್ವವಿಚಾರ ನಡೆಸುವ ತರಬೇತಿಗೆ ಸೇರಿದ್ದು ಮಾತಿನಮಲ್ಲಿ ಮೌನವ್ರತ ಹಿಡಿದ ಹಾಗಾಯಿತು.

ಅಲ್ಲಿನ ನಿಯಮ ಸರಳ. ಮಕ್ಕಳು ದುಂಡಗೆ ಕೂತು ತಾವೇ ಪ್ರಶ್ನೆ ಎತ್ತಬೇಕು, ತಾವೇ ವಾದಿಸಬೇಕು. ಟೀಚರ್ ಪ್ರಶ್ನೆ ಕೇಳಬಹುದು. ಸರಿ, ತಪ್ಪು ಅನ್ನುವಂತಿಲ್ಲ. ಕೊನೆಗೆ ನಲವತ್ತು ನಿಮಿಷದ ಮೂರು ಪರೀಕ್ಷಾ ತರಗತಿ. ಒಂದರಲ್ಲಾದರೂ ಗೆದ್ದರೆ ಅವರ ಶಾಲೆಗೆ ವಾರಕ್ಕೊಂದು ಯೋಚನೆಯ ಪೀರಿಯಡ್. ಸೋತರೆ ಆ ಪೀರಿಯಡ್ಡೂ ಕಾಪಿ ಬರೆಯುವುದಕ್ಕೆ ಹೋಗುತ್ತದೆ. ಟೀಚರಿಗೆ ಅದು ಬೇಕೇ ಬೇಕಿತ್ತು. ತಾವು ಕಲಿಸಿದ ಮಕ್ಕಳು ದೊಡ್ಡವರಾಗಿ ದಾರಿಯಲ್ಲಿ ಸಿಕ್ಕಾಗಲೂ, ಮಾತಿಗೆ ಮುಂಚೆ ಸರಿಯೋ ತಪ್ಪೋ ಎಂದು ತಮ್ಮ ಮುಖ ನೋಡುತ್ತಾರೆ ಎಂಬುದು ಈಚೆಗೆ ಕಣ್ಣಿಗೆ ಬಿದ್ದು, ಮನಸ್ಸಿಗೆ ಚುಚ್ಚುತ್ತಿತ್ತು.

ಮೊದಲ ಪರೀಕ್ಷಾ ತರಗತಿಯಲ್ಲಿ ಐದನೇ ನಿಮಿಷಕ್ಕೇ ಭೇಷ್ ಜಾರಿತು. ಎರಡನೆಯದರಲ್ಲಿ ತುಟಿ ಕಚ್ಚಿ ಕೂತರು. ಆದರೂ ಮಕ್ಕಳೆಲ್ಲ ಕುರಿಮಂದೆಯಂತೆ ಒಂದೇ ಉತ್ತರಕ್ಕೆ ಬಂದು ನಿಂತರು. ಹಿಂದಿನ ಬೆಂಚಿನಲ್ಲಿದ್ದ ತರಬೇತುದಾರಳು, ಅವರ ಮಗಳ ವಯಸ್ಸಿನವಳು, ಮೆಲ್ಲಗೆ ಹೇಳಿದಳು: “ಮೇಡಂ, ಬಾಯಿ ಸುಮ್ನಿತ್ತು. ಪಾಠ ಎಲ್ಲಾ ನಿಮ್ಮ ಹುಬ್ಬು ಮಾಡ್ತು.”

ಮನೆಯಲ್ಲಿ ಹೇಳಿಕೊಂಡರೆ ಬಸ್ ಮೆಕ್ಯಾನಿಕ್ ಗಂಡ ನಕ್ಕು ನಕ್ಕು ಸುಸ್ತಾದರು. ಆ ಹುಬ್ಬು ನೋಡಿಯೇ ತಾನು ಮೂವತ್ತು ವರ್ಷ ಅಂಗಿ ಆರಿಸಿದ್ದು ಎಂದರು. ಆಮೇಲೆ ಹೆಂಡತಿಯನ್ನು ಕನ್ನಡಿ ಮುಂದೆ ಕೂರಿಸಿ ಬೇಕೆಂದೇ ತಪ್ಪು ಮಗ್ಗಿ ಹೇಳಿದರು. ಏಳೆಂಟ್ಲಿ ಐವತ್ನಾಲ್ಕು ಅಂದದ್ದೇ ತಡ, ಹುಬ್ಬು ಹಣೆ ಹತ್ತಿತು. ಹುಟ್ಟುಗುಣ ಸುಟ್ಟರೂ ಹೋಗದು.

ಮೂರನೆಯ ಪರೀಕ್ಷಾ ತರಗತಿಯಲ್ಲಿ ಒಬ್ಬ ಹುಡುಗಿ ಪ್ರಶ್ನೆ ಎತ್ತಿದಳು: ಗೆಳತಿಯ ರಬ್ಬರು ಎರವಲು ತಂದು ಪೂರ್ತಿ ಸವೆಸಿ, ಬದಲಿಗೆ ಹೊಸದು ಕೊಟ್ಟರೆ, ತಂದದ್ದನ್ನು ಹಿಂದಿರುಗಿಸಿದಂತಾಯಿತೇ? ಟೀಚರಿಗೆ ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ಹುಬ್ಬು ಕುಣಿಯತೊಡಗಿತು. ಬೇರೆ ದಾರಿ ಕಾಣದೆ ಹಾಜರಿ ಪುಸ್ತಕವನ್ನೇ ಮುಖಕ್ಕೆ ಅಡ್ಡ ಹಿಡಿದರು.

ಅತ್ತ ಗದ್ದಲ ಏರಿತು. ಹೊಸದು ಸಿಕ್ಕರೆ ಗೆಳತಿಗೆ ಲಾಭವೇ ಎಂದಿತು ಒಂದು ಮಗು. ನನ್ನ ರಬ್ಬರಿನಲ್ಲಿ ಅಕ್ಕನ ಹಲ್ಲಿನ ಗುರುತಿದೆ, ಅದನ್ನು ಯಾವ ಅಂಗಡಿಯಿಂದ ತರುತ್ತೀಯ ಎಂದಿತು ಇನ್ನೊಂದು. ಇದು ಟೀಚರಿಗೆ ಹೊಳೆದೇ ಇರಲಿಲ್ಲ. ಅರ್ಧ ಗಂಟೆಯಾದ ಮೇಲೆ ಪ್ರಶ್ನೆ ಎತ್ತಿದ ಹುಡುಗಿ ಎದ್ದು ಬಂದು ಪುಸ್ತಕದ ಅಂಚು ಹಿಡಿದಳು.

“ಇದನ್ನ ಇಳಿಸಿ ಟೀಚರ್, ಕೈ ನೋಯುತ್ತೆ. ನಿಮಗೇನು ಅನ್ನಿಸಿದ್ರೂ ಪರವಾಗಿಲ್ಲ. ನಾವು ಒಪ್ಪಲ್ಲ.”

ಟೀಚರ್ ಇಳಿಸಿದರು. ಹುಬ್ಬು ಇನ್ನೂ ಹಣೆಯ ಮೇಲೇ ಇತ್ತು, ಆದರೆ ಯಾರೊಬ್ಬರೂ ಅತ್ತ ನೋಡಲಿಲ್ಲ. ಎಲ್ಲರ ಕಣ್ಣೂ ಹಲ್ಲಿನ ಗುರುತಿನ ಮಗುವಿನ ಮೇಲೆ. ತಮ್ಮದೇ ತರಗತಿ ತಮ್ಮನ್ನು ಮರೆತಿದೆ ಎಂದು ತಿಳಿದು ಅವರಿಗೆ ಹಿಗ್ಗೋ ಹಿಗ್ಗು. ಹಿಂದಿನ ಬೆಂಚಿನಲ್ಲಿ ತರಬೇತುದಾರಳು ‘ಪಾಸ್’ ಎಂದು ಬರೆದದ್ದನ್ನು ಅವರು ಕಾಣಲಿಲ್ಲ. ಅವರಿಗೇ ಒಂದು ಸಂದೇಹ ಬಂದಿತ್ತು. ಕೈ ಎತ್ತಿಕೊಂಡು, ತಮ್ಮ ಸರದಿಗಾಗಿ ಕಾಯುತ್ತಿದ್ದರು.