ಹೊಸಹಳ್ಳಿಯಲ್ಲಿ ನಿಲ್ಲದ ಎಕ್ಸ್‌ಪ್ರೆಸ್

ಮೊನ್ನೆ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಆನ್ ಮಾಡಿ ನೋಡಿದೆ. ಗೊರಗೊರ ಕೆಮ್ಮಿ ಎದ್ದು ಕೂತಿತು. ಪರದೆಯ ಮೂಲೆಯಲ್ಲಿ ನನ್ನ ರೈಲಿನ ಆಟ ಹಾಗೇ ಇತ್ತು. ತೆರೆದರೆ, ಎಂದೋ ನಾನು ಹಾಸಿದ್ದ ಹಳಿಗಳ ಮೇಲೆ ರೈಲುಗಳು ನನ್ನನ್ನೇನೂ ಕೇಳದೆ ಓಡತೊಡಗಿದವು.

ಆಟ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ, ಬೇಸರಪಡಬೇಡಿ. ಊರಿಂದೂರಿಗೆ ಹಳಿ ಹಾಸಬೇಕು, ಜನರನ್ನು ಹೊತ್ತಿಗೆ ಸರಿಯಾಗಿ ತಲುಪಿಸಬೇಕು. ಸ್ಟೇಷನ್ನುಗಳಿಗೆ ನಾನೇ ಹೆಸರಿಟ್ಟಿದ್ದೆ: ಒಂದು ತುದಿ ನಮ್ಮ ರಾಜಾಜಿನಗರ, ಇನ್ನೊಂದು ಕೆಂಗೇರಿ, ನಡುವೆ ಹೊಸಹಳ್ಳಿಯಂಥ ಸಣ್ಣವು. ಪ್ಯಾಸೆಂಜರ್ ಗಾಡಿ ಎಲ್ಲ ಕಡೆಯೂ ನಿಲ್ಲುತ್ತದೆ, ಹಿಂದೆ ಬಂದ ಎಕ್ಸ್‌ಪ್ರೆಸ್ ಹಲ್ಲು ಕಡಿಯುತ್ತ ಕಾಯುತ್ತದೆ. ಅದಕ್ಕೆ ಸಣ್ಣ ಸ್ಟೇಷನ್ನುಗಳ ಪಕ್ಕದಲ್ಲಿ ಇನ್ನೊಂದು ಹಳಿ ಎಳೆದು ಎಕ್ಸ್‌ಪ್ರೆಸ್ಸನ್ನು ದಾಟಿಸಿಬಿಡಬೇಕು. ಅದೇ ಬೈಪಾಸ್. ಹೇಳುವುದು ಸುಲಭ, ನಾನು ಮೂರು ವಾರ ತಿಣುಕಿದೆ. ಹಳಿ ಕೂಡುವಲ್ಲಿ ಸಿಗ್ನಲ್ ತಪ್ಪಿ, ಎರಡು ಗಾಡಿಗಳು ಮುನಿಸಿಕೊಂಡ ಬೀಗರಂತೆ ಎದುರುಬದುರು ಕೂತುಬಿಡುತ್ತಿದ್ದವು. ಕೊನೆಗೊಮ್ಮೆ ನನ್ನ ಎಕ್ಸ್‌ಪ್ರೆಸ್ ಹೊಸಹಳ್ಳಿಯನ್ನು ಭರ್ರನೆ ದಾಟಿತು. ನನಗೆ ಜಂಬ ನೆತ್ತಿಗೇರಲು ಅಷ್ಟು ಸಾಕಾಯಿತು.

ಅದೇ ಹೊತ್ತಿಗೆ ತಂಗಿಯ ಮದುವೆ ಗೊತ್ತಾಯಿತು. ಲಗ್ನಪತ್ರಿಕೆ ಹಂಚುವುದು ಅಪ್ಪನ ಕೆಲಸ. ಅಪ್ಪ ಅಪ್ಪಟ ಪ್ಯಾಸೆಂಜರ್ ಗಾಡಿ. ಹೋದ ಮನೆಯಲ್ಲೆಲ್ಲ ಉಪ್ಪಿಟ್ಟು ತಿಂದು, ಮಂಡಿನೋವಿನ ಕಥೆ ಪೂರ್ತಿ ಕೇಳಿಯೇ ಏಳುತ್ತಿದ್ದರು. ದಿನಕ್ಕೆ ಮೂರೇ ಮನೆ. ನಾನು ಅರ್ಧದಷ್ಟು ಪತ್ರಿಕೆಗಳನ್ನು ಕಿತ್ತುಕೊಂಡು, ಆಟದ ಲೆಕ್ಕದಲ್ಲೇ ದಾರಿಯ ನಕ್ಷೆ ಬರೆದೆ. ಹೊಸಹಳ್ಳಿಯಲ್ಲಿ ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ ಇದ್ದರು. ಅವರ ಕಣ್ಣಿಗೆ ಬಿದ್ದರೆ ಒಂದು ಮಧ್ಯಾಹ್ನ ಹೋದಂತೆಯೇ. ಹಾಗಾಗಿ ಸ್ಕೂಟರಿನಲ್ಲಿ ನಾಗರಭಾವಿ ಕಡೆಯಿಂದ ಸುತ್ತು ಹಾಕಿ ಕೆಂಗೇರಿ ಸೇರಿದೆ. ಅತ್ತೆಗೆ ವಾಟ್ಸಾಪಿನಲ್ಲಿ ಪತ್ರಿಕೆಯ ಫೋಟೋ ಕಳಿಸಿದೆ, ಕೈಮುಗಿಯುವ ಚಿತ್ರದ ಸಮೇತ. ಎರಡೇ ದಿನಕ್ಕೆ ಎಲ್ಲ ಮುಗಿಸಿ ಅಪ್ಪನ ಮುಂದೆ ಮೀಸೆ ತಿರುವಿದೆ.

ಅರಿಸಿನ ಶಾಸ್ತ್ರದ ಬೆಳಿಗ್ಗೆ ತಂಗಿ ಮಣೆಯ ಮೇಲೆ ಕೂತಳು. ನಮ್ಮ ಮನೆಯಲ್ಲಿ ಮೊದಲ ಅರಿಸಿನ ಸೋದರತ್ತೆಯೇ ಹಚ್ಚಬೇಕು. ಅತ್ತೆ ಬಂದಿಲ್ಲ, ಫೋನೂ ಎತ್ತುತ್ತಿಲ್ಲ. ಅಪ್ಪ ನನ್ನ ಮುಖ ನೋಡಿದರು. ವಾಟ್ಸಾಪ್ ಕಳಿಸಿದ್ದೆ ಎಂದೆ. ತಂಗಿಯ ಕಣ್ಣು ತುಂಬಿತು. ಒಂದು ಪತ್ರಿಕೆ ಹಿಡಿದು ಹೊಸಹಳ್ಳಿಗೆ ಓಡಿದೆ.

ಅತ್ತೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ರೇಷ್ಮೆ ಸೀರೆ, ಮುಡಿತುಂಬ ಮಲ್ಲಿಗೆ, ಕಾಲ ಬಳಿ ಅರಿಸಿನ ಕಲಸಿಟ್ಟ ಬಟ್ಟಲು.

"ಆರು ಗಂಟೆಗೇ ರೆಡಿಯಾಗಿ ಕೂತಿದೀನಿ ಕಣೋ," ಎಂದರು. "ಬಾಗಿಲಿಗೆ ಬಂದು ಯಾರೂ ಕರೀಲಿಲ್ಲ. ನಾನಾಗೇ ಹೆಂಗೆ ಬರ್ಲಿ?"

ಕಾಲಿಗೆ ಬಿದ್ದು ಪತ್ರಿಕೆ ಕೊಟ್ಟೆ. ಸರಿ, ಹೊರಡೋಣ ಎಂದರೆ, ಕರೆಯಲು ಬಂದವರನ್ನು ಬರಿಬಾಯಲ್ಲಿ ಕಳಿಸುವುದುಂಟೇ ಎಂದು ರೇಷ್ಮೆ ಸೀರೆಯಲ್ಲೇ ಒಳಗೆ ಹೋಗಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದರು. ಅಲ್ಲಿ ತಂಗಿ ಮಣೆಯ ಮೇಲೆ, ಇಲ್ಲಿ ನಾನು ತಟ್ಟೆಯ ಮುಂದೆ. ಮಂಡಿನೋವಿನ ಕಥೆಯನ್ನೂ ಪೂರ್ತಿ ಕೇಳಿದೆ. ಕೊನೆಗೆ ಅತ್ತೆ ಬಂದು ಅರಿಸಿನ ಹಚ್ಚಿದಾಗ ತಂಗಿ ನಕ್ಕಳು, ನನ್ನ ಕಡೆ ಮಾತ್ರ ತಿರುಗಿಯೂ ನೋಡಲಿಲ್ಲ.

ಇದೆಲ್ಲ ಹಳೆಯ ಮಾತು. ಕಳೆದ ವಾರ ನಾನು ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಅತ್ತೆ ಆಟೋದಲ್ಲಿ ನಮ್ಮ ಬೀದಿಯಲ್ಲೇ ಹಾದುಹೋದರು. ಕೂಗಿದೆ, ಕೈ ಬೀಸಿದೆ. ಆಟೋ ನಿಲ್ಲಲಿಲ್ಲ. ಸಂಜೆ ಫೋನ್ ಮಾಡಿ ಕೇಳಿದೆ.

"ಅರ್ಜೆಂಟಿತ್ತು ಕಣೋ," ಎಂದರು. "ನಿಮ್ಮನೆಗೆ ಬಂದ್ರೆ ನೀನೆಲ್ಲಿ ಬೇಗ ಬಿಡ್ತೀಯಾ?"

ಬಿಡುತ್ತಿರಲಿಲ್ಲ, ನಿಜ. ಆದರೂ ಎರಡು ನಿಮಿಷ ಬಂದು ಕಾಫಿ ಕುಡಿದು ಹೋಗಿದ್ದರೆ ಅವರ ಗಂಟೇನು ಹೋಗುತ್ತಿತ್ತು, ನೀವೇ ಹೇಳಿ.