ತಿರುಪಿನ ಮೇಲಿನ ಕೆಂಪು ಹನಿ

ಆಪಾ ಅವರ ಬಲಗೈ ಹೆಬ್ಬೆರಳಿನ ಉಗುರು ಥೇಟ್ ಒಂದು ಸಣ್ಣ ಸ್ಕ್ರೂಡ್ರೈವರ್. ಉಳಿದ ಬೆರಳುಗಳ ಉಗುರನ್ನೆಲ್ಲ ಚರ್ಮದ ಮಟ್ಟಕ್ಕೆ ಕತ್ತರಿಸಿಕೊಳ್ಳುತ್ತಿದ್ದರು. ಇದೊಂದನ್ನು ಮಾತ್ರ ಬೆಳೆಯಲು ಬಿಟ್ಟು, ಅಂಗಳದ ಹಾಸುಗಲ್ಲಿಗೆ ಉಜ್ಜಿ ಉಜ್ಜಿ ತುದಿಯನ್ನು ಚಪ್ಪಟೆ ಮಾಡಿಟ್ಟಿದ್ದರು. ರಮಜಾನ್ ಹಬ್ಬಕ್ಕೆ ಹಚ್ಚಿದ ಮೆಹಂದಿ ಅದರ ಮೇಲೆ ತುಕ್ಕಿನ ಬಣ್ಣಕ್ಕೆ ತಿರುಗಿ ಬಕ್ರೀದಿನ ತನಕ ಉಳಿದಿರುತ್ತಿತ್ತು. ಹೀಗೆ ಉಗುರು ಬಿಡುವುದು ತಮ್ಮ ಧರ್ಮದಲ್ಲಿ ಸಲ್ಲದು ಎಂದು ಸೊಸೆ ಆಗಾಗ ನೆನಪಿಸುತ್ತಿದ್ದಳು. "ಇದೊಂದು ಉಗುರಿನ ಜವಾಬು ನಾ ಮ್ಯಾಲ ಹೋಗಿ ಕೊಡ್ತೀನಿ, ನೀ ಚಾ ಇಡು" ಎನ್ನುವುದು ಅವರ ಉತ್ತರ.

ನನ್ನ ಉಗುರುಗಳ ವಿಷಯ ಎತ್ತದಿರುವುದೇ ವಾಸಿ. ಐವತ್ತರ ಹತ್ತಿರ ಬಂದರೂ ಹಲ್ಲಿಗೆ ಸಿಗುವಷ್ಟು ಉಗುರನ್ನು ನಾನು ಎಂದೂ ಉಳಿಸಿಕೊಂಡವನಲ್ಲ.

ಶಹಾಬಾದಿನ ನಮ್ಮ ಓಣಿಗೆಲ್ಲ ಅವರು ಆಪಾ, ಅಂದರೆ ಅಕ್ಕ. ಹಿರಿಯರಿಗೂ ಆಪಾ, ಶಾಲೆಯಲ್ಲಿ ಅವರ ಕೈಯಲ್ಲಿ ವಿಜ್ಞಾನ ಕಲಿತು ಮೊಮ್ಮಕ್ಕಳನ್ನು ಕಂಡವರಿಗೂ ಆಪಾ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಎರಡೂ ಮನೆಗಳ ಬೆನ್ನಿಗೆ ಕಲ್ಲು ಪಾಲಿಶ್ ಮಾಡುವ ಶೆಡ್ಡು. ಅದು ಈಗ ಮುಚ್ಚಿದೆ. ಆದರೆ ಆಪಾ ಮದುವೆಯಾಗಿ ಬಂದಂದಿನಿಂದ ನಿವೃತ್ತರಾಗುವವರೆಗೂ ದಿನಕ್ಕೆರಡು ಸಲ ಕಿಟಕಿಯ ಮೇಲಿನ ಬೂದು ಹುಡಿಯನ್ನು ಒರೆಸಿದ್ದಾರೆ. ಒರೆಸಿದ್ದಕ್ಕಿಂತ ಹೆಚ್ಚು ಉಸಿರಾಡಿದ್ದಾರೆ. ನಮ್ಮೂರ ಕಲ್ಲು ಎಷ್ಟೋ ಊರಿನ ಮನೆಗಳ ನೆಲವಾಗಿದೆ. ಆ ನೆಲದ ಒಂದು ಪಾಲು ಆಪಾ ಅವರ ಎದೆಯೊಳಗೂ ಹಾಸಿಕೊಂಡಿತ್ತು. ನಾಲ್ಕು ಹೆಜ್ಜೆ ನಡೆದರೆ ಅವರ ಎದೆ ಸಿಳ್ಳೆ ಹಾಕುತ್ತಿತ್ತು. ಆಗ ಔಷಧಿಯನ್ನು ಮಂಜಾಗಿಸಿ ಮೂಗಿಗೆ ಕೊಡುವ ಪುಟ್ಟ ಯಂತ್ರವನ್ನು ಮುಖಕ್ಕೆ ಹಿಡಿದು ಗೋಡೆಗೆ ಒರಗಿ ಕೂರಬೇಕು. ಆ ಯಂತ್ರದೊಳಗಿನ ಸೆಲ್ಲು ಸತ್ತು ಯಾವುದೋ ಕಾಲವಾಗಿತ್ತು. ಪ್ಲಗ್ಗಿಗೆ ಹಾಕಿದರೆ ಮಾತ್ರ ನಡೆಯುತ್ತಿತ್ತು. ಹೀಗಾಗಿ ಆಪಾ ಅವರ ಲೋಕ, ಅವರೇ ಹೇಳುವಂತೆ, ಗೋಡೆಯ ಪ್ಲಗ್ಗಿನಿಂದ ವೈರಿನ ಉದ್ದದಷ್ಟು.

ನಾನು ಅವರ ಕೈಗೆ ಬಿದ್ದದ್ದು ನನ್ನ ಚಿಂತೆಗಳ ದೆಸೆಯಿಂದ. ನನ್ನದು ವಿಮಾ ಕಚೇರಿಯ ಕೆಲಸ. ಊರವರು ಹೇಗೆಲ್ಲ ಸಾಯಬಹುದೆಂದು ಹಗಲೆಲ್ಲ ಯೋಚಿಸಿ, ಸಂಜೆ ಆ ಪಟ್ಟಿಯಲ್ಲಿ ನನ್ನ ಹೆಸರು ಸೇರಿಸಿಕೊಂಡು ಮನೆಗೆ ಬರುವವನು. ತಲೆಯನ್ನು ಬೇರೆ ಕಡೆ ಹಾಕಿರೆಂದು ಡಾಕ್ಟರು ಹೇಳಿದ ಮೇಲೆ ಚಿಕ್ಕಂದಿನ ಎಲೆಕ್ಟ್ರಾನಿಕ್ಸ್ ಹುಚ್ಚನ್ನು ಮತ್ತೆ ಹಚ್ಚಿಕೊಂಡೆ. ಅಲ್ಲಿಯ ತನಕ ಇದ್ದ ಚಿಂತೆಗಳ ಜೊತೆಗೆ ವೋಲ್ಟಿನ ಚಿಂತೆಯೂ ಸೇರಿತು, ಅಷ್ಟೇ ಲಾಭ.

ಪೋಸ್ಟಿನಲ್ಲಿ ತರಿಸಿದ ಮೊದಲ ವಸ್ತು ವೋಲ್ಟು ಇಳಿಸುವ ಮಾಡ್ಯೂಲು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ನೀಲಿ ಹಲಗೆ. ಈ ಕಡೆ ಬ್ಯಾಟರಿಯ ಹನ್ನೆರಡು ವೋಲ್ಟು ಕೊಟ್ಟರೆ ಆ ಕಡೆ ನಮಗೆ ಬೇಕಾದಷ್ಟಕ್ಕೆ ಇಳಿಸಿ ಕೊಡುತ್ತದೆ. ಎಷ್ಟಕ್ಕೆ ಎಂಬುದನ್ನು ಹೇಳಲು ಮೇಲೊಂದು ಹಿತ್ತಾಳೆಯ ತಿರುಪು, ಎಳ್ಳಿನಷ್ಟು. ನಾನು ತಿರುವಿದೆ. ಮೀಟರಿನ ಅಂಕಿ ಅಲುಗಲಿಲ್ಲ. ಇನ್ನೂ ತಿರುವಿದೆ, ಆಗಲೂ ಅಷ್ಟೇ. ಕೆಟ್ಟ ಮಾಲು ಕಳಿಸಿದ್ದಾರೆಂದು ಬೈಯುತ್ತ, ಮೀಟರನ್ನು ಬದಿಗಿಟ್ಟು ನನ್ನ ತಂದೆಯ ಕಾಲದ ಪುಟ್ಟ ರೇಡಿಯೋಕ್ಕೆ ಜೋಡಿಸಿಯೇಬಿಟ್ಟೆ. ಇಳಿಯದ ಹನ್ನೆರಡು ವೋಲ್ಟು ಕುಡಿದು ರೇಡಿಯೋ ಒಮ್ಮೆ ಕೆಮ್ಮಿ ಸುಮ್ಮನಾಯಿತು. ವಾಸನೆ ಗೋಡೆ ದಾಟಿ ಹೋಗಿರಬೇಕು. ಏನು ಸುಟ್ಟೆ ಎಂದು ಆಪಾ ಆ ಕಡೆಯಿಂದ ಕೇಳಿದರು. ಓಣಿಯ ಕೆಟ್ಟ ಸಾಮಾನುಗಳನ್ನೆಲ್ಲ ರಿಪೇರಿ ಮಾಡುವವರು ಅವರೇ. ಸುಟ್ಟದ್ದನ್ನು ಹಿಡಿದುಕೊಂಡು ಹೋದೆ.

ಅವರು ಹಲಗೆಯನ್ನು ಅಂಗೈಯಲ್ಲಿಟ್ಟುಕೊಂಡು, ಮೀಟರಿನ ಕಡ್ಡಿಗಳನ್ನು ನನ್ನ ಕೈಗೆ ಕೊಟ್ಟು, ಉಗುರಿನಿಂದ ತಿರುಪು ತಿರುವತೊಡಗಿದರು. ಅಂಕಿ ನಿಂತಲ್ಲೇ ನಿಂತಿತ್ತು. ಅವರು ನಿಲ್ಲಿಸಲಿಲ್ಲ. ನಡುವೆ ದಣಿವಾರಿಸಿಕೊಂಡು ಮತ್ತೆ ತಿರುವಿದರು. ಕೊನೆಗೊಮ್ಮೆ ಅಂಕಿ ಕದಲಿತು, ಆಮೇಲೆ ಸರಸರನೆ ಇಳಿಯಿತು.

"ತಿರುವಿದ್ದು ಕಾಣಂಗಿಲ್ಲ ಅಂದ್ರ ತಿರುಗಿಲ್ಲ ಅಂತಲ್ಲ ತಮ್ಮಾ" ಎಂದರು. "ಸಬರ್, ತಾಳ್ಮಿ ಇಲ್ಲದವರು ಈ ಧಂದೆಕ್ಕ ಬರಬಾರ್ದು. ನಿಮ್ಮಪ್ಪನ ರೇಡಿಯೋ ಸುಟ್ಟಿ. ನಾಳಿ ಏನು, ಮನಿ?"

ಅವರ ಒಂದು ಪದ್ಧತಿ ನೋಡಿ ಮೊದಮೊದಲು ನಕ್ಕಿದ್ದೆ. ವೋಲ್ಟು ಸರಿಗೊಂಡ ಮೇಲೆ ತಿರುಪಿನ ನೆತ್ತಿಗೆ ಒಂದು ಹನಿ ಕೆಂಪು ನೇಲ್ ಪಾಲಿಶ್ ಇಡುತ್ತಿದ್ದರು. ಗಣಿಯಲ್ಲಿ ಮದ್ದು ಸಿಡಿಸಿದಾಗಲೆಲ್ಲ ನಮ್ಮ ಓಣಿಯ ಪಾತ್ರೆಗಳು ನಡುಗುತ್ತವೆ. ಆ ನಡುಕಕ್ಕೆ ತಿರುಪು ಸರಿಯಬಾರದಲ್ಲ. ನಮಾಜಿಗೆ ಮೊದಲು ಕೈಕಾಲು ತೊಳೆದು ವಜು ಮಾಡುವಾಗ ನೀರು ಉಗುರಿಗೆ ತಾಕಬೇಕೆಂದು ಜೀವಮಾನದಲ್ಲಿ ಪಾಲಿಶ್ ಹಚ್ಚಿಕೊಳ್ಳದ ಹೆಂಗಸಿನ ಮೇಜಿನ ಮೇಲೆ ಕಣ್ಣು ಕುಕ್ಕುವ ಕೆಂಪು ಸೀಸೆ! ತರುವವಳು ಸೊಸೆ. ಬಳೆ ಅಂಗಡಿಯವಳು, ಯಾರಿಗವ್ವಾ ಇಷ್ಟು ಕೆಂಪು ಎಂದು ಪ್ರತಿ ಸಲ ಕೇಳುತ್ತಾಳೆಂದೂ, ನಮ್ಮ ಅಮ್ಮಿಗೆ ಎಂದು ತಾನು ಹೇಳಿ ಬರುತ್ತೇನೆಂದೂ ಅವಳೇ ಒಮ್ಮೆ ನಗುತ್ತ ಹೇಳಿದ್ದಳು.

ಚಿಂಚೋಳಿಯ ಮಾತು ಬಂದದ್ದು ಹೋದ ವರ್ಷದ ಚಳಿಗಾಲದಲ್ಲಿ. ಆಪಾ ಅವರ ಅಕ್ಕ ಅಲ್ಲಿ ಹಾಸಿಗೆ ಹಿಡಿದಿದ್ದರು. ತಾಯಿ ಬೇಗ ಹೋದದ್ದರಿಂದ ಆಪಾ ಅವರನ್ನು ಸಾಕಿ, ಓದಿಸಲೆಂದು ತಂದೆಯ ಜೊತೆ ಜಗಳವಾಡಿದವರು ಆ ಅಕ್ಕ. ಕಿವಿ ಪೂರ್ತಿ ಹೋಗಿತ್ತಾದ್ದರಿಂದ ಫೋನು ಉಪಯೋಗವಿಲ್ಲ. ಎದುರಿಗೆ ಹೋಗಿ ಮುಖ ತೋರಿಸಬೇಕು. ಆದರೆ ಚಿತ್ತಾಪುರ, ಸೇಡಂ ದಾಟಿ ಹೋಗುವ ದಾರಿಯುದ್ದಕ್ಕೂ ಸಿಮೆಂಟಿನ ಲಾರಿ, ಸಿಮೆಂಟಿನ ಧೂಳು. ನಡುವೆ ಉಸಿರು ಕಟ್ಟಿದರೆ ಪ್ಲಗ್ಗು ಎಲ್ಲಿದೆ? ಡಾಕ್ಟರು ಬೇಡವೆಂದರು. ವಾಡಿಯಲ್ಲಿ ಪಾಳಿ ಮೇಲೆ ದುಡಿಯುವ ಮಗ ಬೇಡವೆಂದ. ನಾನಂತೂ ಯಾರೂ ಕೇಳುವ ಮೊದಲೇ ಬೇಡವೆಂದೆ.

ಆಪಾ ಯಾರ ಜೊತೆಗೂ ವಾದ ಮಾಡಲಿಲ್ಲ. ನಮ್ಮ ಕಚೇರಿಯ ಕಂಪ್ಯೂಟರಿನ ಯುಪಿಎಸ್ಸಿನಿಂದ ತೆಗೆದಿಟ್ಟಿದ್ದ ಬ್ಯಾಟರಿಯನ್ನು ತಂದುಕೊಡಲು ಹೇಳಿದರು. ಪವರ್ ಬ್ಯಾಂಕ್ ಕೊಳ್ಳೋಣವೆಂದೆ. ತಂದೂ ತೋರಿಸಿದೆ. ಆ ಯಂತ್ರ ಕುಡಿಯುವ ಕರೆಂಟು ಗುಬ್ಬಿಯ ಗುಟುಕಿನಷ್ಟು. ಇಷ್ಟಕ್ಕೆ ನಾನೇಕೆ ಎಚ್ಚರವಾಗಿರಲಿ ಎನ್ನುವಂತೆ ಪವರ್ ಬ್ಯಾಂಕು ತಾನಾಗಿ ಆರಿಹೋಗುತ್ತಿತ್ತು. ನನ್ನ ಕಾರಿನ ಸಾಕೆಟ್ಟು ನನ್ನಷ್ಟೇ ಭರವಸೆಯದು. ಹೀಗಾಗಿ ಬ್ಯಾಟರಿಯ ಹನ್ನೆರಡನ್ನು ಐದಕ್ಕೆ ಇಳಿಸುವ ಮಾಡ್ಯೂಲೇ ಗತಿಯಾಯಿತು. ಎರಡು ಮಾಡಬೇಕು, ಒಂದು ಕೈಕೊಟ್ಟರೆ ಇನ್ನೊಂದು, ಎಂದೆ. ಒಂದನ್ನು ನೀನೇ ಮಾಡು ಎಂದರು.

ಮಾಡಿದೆ. ಬೆಸುಗೆ ಹಾಕಿ, ಮೀಟರಿನಲ್ಲಿ ಸರಿಯಾಗಿ ಐದು ಬರಿಸಿ, ಅವರ ಸೀಸೆಯಿಂದಲೇ ಕೆಂಪು ಹನಿ ಇಟ್ಟು ಒಯ್ದೆ. ಅವರು ಅದಕ್ಕೆ ಯಂತ್ರವನ್ನು ಜೋಡಿಸಿ ಮತ್ತೆ ಮೀಟರು ಹಿಡಿದರು. ಯಂತ್ರ ಮಂಜು ಉಗುಳಲು ಹೋಗಿ ಬಿಕ್ಕಿತು. ಅಂಕಿ ಐದರಿಂದ ಮೂರೂವರೆಗೆ ಕುಸಿಯಿತು. ನನ್ನ ಬೆಸುಗೆಯೊಂದು ಮೇಲೆ ಹೊಳೆಯುತ್ತಿತ್ತಾದರೂ ಒಳಗೆ ಹಿಡಿದೇ ಇರಲಿಲ್ಲ.

"ಖಾಲಿ ಇದ್ದಾಗ ಎಲ್ಲಾರೂ ಐದೇ ತೋರಸ್ತಾರ" ಎಂದರು ಆಪಾ. "ಭಾರ ಹೊರಿಸಿ ನೋಡಬೇಕು." ಬಯ್ಗುಳದಂತೆ ಹೇಳಲಿಲ್ಲ. ಉಸಿರಿನ ಉಳಿತಾಯಕ್ಕೆ ಆಗ ಚಿಕ್ಕ ಚಿಕ್ಕ ಮಾತನ್ನಷ್ಟೇ ಆಡುತ್ತಿದ್ದರು.

ತಾವು ಕಟ್ಟಿದ ಮಾಡ್ಯೂಲನ್ನು ಸಾಬೂನಿನ ಡಬ್ಬಿಯೊಳಗೆ ಕೂರಿಸಿ, ಮನೆಯಲ್ಲೇ ಪ್ಲಗ್ಗಿನ ಮುಖ ನೋಡದೆ ಒಂದು ವಾರ ಅದರ ಮೇಲೆಯೇ ಉಸಿರಾಡಿ ತೋರಿಸಿದರು. ಆಮೇಲೆ ಮಗ ಒಪ್ಪಿದ. ನನಗಂತೂ ಇನ್ನೂ ಬೇಡವೆನ್ನಲು ಬಹಳ ಇತ್ತು, ಆದರೆ ಕಾರು ನನ್ನದು, ಓಡಿಸುವವನೂ ನಾನೇ. ನಾನು, ಆಪಾ, ಸೊಸೆ ಬೆಳಗಿನ ತಂಪಿನಲ್ಲಿ ಹೊರಟೆವು.

ಚಿತ್ತಾಪುರದವರೆಗೆ ಎಲ್ಲ ಸರಿಯಿತ್ತು. ಸೇಡಂ ದಾಟಿದ ಮೇಲೆ ಎದುರಿನ ಲಾರಿಯೊಂದು ಧೂಳಿನ ಪರದೆಯನ್ನೇ ಎಳೆದುಕೊಂಡು ಬಂತು. ಕಿಟಕಿ ಏರಿಸುವಷ್ಟರಲ್ಲಿ ಆಪಾ ಅವರ ಸಿಳ್ಳೆ ನಿಂತುಹೋಗಿತ್ತು. ಸಿಳ್ಳೆ ಇದ್ದರೆ ಗಾಳಿ ಹೋಗುತ್ತಿದೆ ಎಂದರ್ಥ. ನಿಂತರೆ ಏನರ್ಥವೆಂದು ನನಗೂ ಸೊಸೆಗೂ ಗೊತ್ತಿತ್ತು. ಬೇವಿನ ಮರದಡಿ ಕಾರು ನಿಲ್ಲಿಸಿದೆ. ಸೊಸೆ ಡಬ್ಬಿಯನ್ನು ಬ್ಯಾಟರಿಗೆ ಜೋಡಿಸಿದಳು. ಮಂಜು ಎದ್ದಿತು. ಆಪಾ ಕಣ್ಣು ಮುಚ್ಚಿ ಎಳೆದುಕೊಂಡರು, ಬಿಟ್ಟರು, ಎಳೆದುಕೊಂಡರು. ತುಟಿಗಳ ನೀಲಿ ಇಳಿಯುವ ತನಕ ನಾವು ಉಸಿರಾಡಿದೆವೋ ಇಲ್ಲವೋ ನೆನಪಿಲ್ಲ. ಮೊದಲ ಸಿಳ್ಳೆ ಕೇಳಿದಾಗ ಸೊಸೆ ಅತ್ತಳು.

ತಿರುಗಿ ಹೋಗೋಣವೇ ಎಂದು ಕೇಳಿದೆ. ಆಪಾ ಆ ಉಗುರಿನಿಂದ ಮುಂದಿನ ದಾರಿ ತೋರಿಸಿದರು.

ಚಿಂಚೋಳಿಯ ಮನೆಯಲ್ಲಿ ಅಕ್ಕ ಮುಖ ಗೋಡೆಯ ಕಡೆ ಮಾಡಿ ಮಲಗಿದ್ದರು. ತಂಗಿಯ ಕೈ ಭುಜದ ಮೇಲೆ ಬಿದ್ದಾಗ ಮೆಲ್ಲಗೆ ಹೊರಳಿ, ಬಹಳ ಹೊತ್ತು ನೋಡಿದರು. ತಮ್ಮ ಮನೆಮಾತು ದಖ್ಖನಿಯಲ್ಲಿ ಅವರು ಕೇಳಿದ್ದು ಒಂದೇ ಮಾತು: ಇಷ್ಟು ದಿನ ಎಲ್ಲಿ ಸತ್ತಿದ್ದೆ? ಆಪಾ ನಕ್ಕರು. ನಗು ಕೆಮ್ಮಾಗಿ, ಕೆಮ್ಮಿಗೆ ಮತ್ತೆ ಡಬ್ಬಿ ಬೇಕಾಯಿತು. ಮಂಜು ಕಾರುವ ತಂಗಿಯನ್ನು ನೋಡಿ ಅಕ್ಕ, ಹುಕ್ಕಾ ಯಾವಾಗ ಕಲಿತೆ ಎಂದು ಗದರಿದರು. ಮಧ್ಯಾಹ್ನವೆಲ್ಲ ಇಬ್ಬರೂ ಒಂದೇ ಹಾಸಿಗೆಯ ಮೇಲೆ ಕೈ ಹಿಡಿದುಕೊಂಡು ಮಲಗಿದ್ದರು. ಒಬ್ಬರಿಗೆ ಕೇಳಿಸುತ್ತಿರಲಿಲ್ಲ, ಒಬ್ಬರಿಗೆ ಮಾತಾಡಲು ಆಗುತ್ತಿರಲಿಲ್ಲ.

ಶಹಾಬಾದಿಗೆ ತಿರುಗಿ ಬಂದ ಮೇಲೆ ಆಪಾ ಹಾಸಿಗೆಯಿಂದ ಏಳಲಿಲ್ಲ. ಧೂಳು ಒಳಗೆ ಮಾಡಬೇಕಾದ್ದನ್ನು ಮಾಡಿತ್ತು. ಬೆರಳ ತುದಿಗಳು ಊದಿ ದುಂಡಗಾದವು, ಉಗುರಿನ ಬುಡ ನೀಲಿಯಾಯಿತು. ಒಮ್ಮೆ ನನ್ನ ಹೊಸ ಮಾಡ್ಯೂಲನ್ನು ಕೈಯಲ್ಲಿ ಹಿಡಿದು ತಿರುವಲು ನೋಡಿದರು. ಉಗುರು ತಿರುಪಿನ ಗೀರಿನಿಂದ ಜಾರಿತು. ಇನ್ನೊಮ್ಮೆ ಜಾರಿತು. ಅದನ್ನು ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಅದರ ಮೇಲೆ ಮಡಚಿದರು. ಮುಂಗಾರು ಕಟ್ಟುವ ಮೊದಲೇ ಹೋದರು, ಹಾಡಹಗಲು, ಕರೆಂಟು ಇದ್ದಾಗಲೇ. ಅಕ್ಕ ಇನ್ನೂ ಇದ್ದಾರೆ. ಅವರಿಗೆ ಯಾರೂ ಹೇಳಿಲ್ಲ.

ಜನಾಜಾಕ್ಕೆ ನಾನೂ ಹೆಗಲು ಕೊಟ್ಟೆ. ಭಾರವೇ ಇರಲಿಲ್ಲ. ಆದರೂ ಓಣಿಯ ತಿರುವು ಬರುವಷ್ಟರಲ್ಲಿ ನಾನು ಕುಸಿದು, ಹಿಂದಿದ್ದವರು ಹೆಗಲು ಬದಲಿಸಿಕೊಳ್ಳಬೇಕಾಯಿತು.

ಕೆಲವು ದಿನ ಬಿಟ್ಟು ಸೊಸೆ ಸಾಬೂನಿನ ಡಬ್ಬಿಯನ್ನೂ ಯಂತ್ರವನ್ನೂ ತಂದಳು. ಮನೆಯಲ್ಲಿದ್ದರೆ ಕಣ್ಣಿಗೆ ಬೀಳುತ್ತದೆ, ನೀವೇ ಇಟ್ಟುಕೊಳ್ಳಿ ಎಂದಳು. ನನಗೆ ನಿದ್ದೆ ಕೆಡಿಸುತ್ತಿದ್ದ ಮಾತನ್ನು ಅವಳ ಮುಂದೆ ಆಡಿಬಿಟ್ಟೆ. ಈ ಡಬ್ಬಿ ಕೆಟ್ಟಿದ್ದರೆ ಅವರು ಚಿಂಚೋಳಿಗೆ ಹೋಗುತ್ತಿರಲಿಲ್ಲ. ಹೋಗದಿದ್ದರೆ ಇನ್ನಷ್ಟು ಕಾಲ ಇರುತ್ತಿದ್ದರಲ್ಲವೇ?

ಅವಳು ಸುಳ್ಳು ಸಮಾಧಾನ ಹೇಳಲಿಲ್ಲ. "ಇರ್ತಿದ್ರೇನೋ ಭಾಯಿ. ಆದ್ರ ಪ್ಲಗ್ಗಿನ ಬಾಜೂಕ ಕುಂತು, ದಿನಾ ಚಿಂಚೋಳಿ ಕಡಿ ಮುಖಾ ಮಾಡಿ ಇರ್ತಿದ್ರು." ಬಾಗಿಲ ತನಕ ಹೋದವಳು ತಿರುಗಿ ನಿಂತಳು. ಕೊನೆಯ ಸ್ನಾನ ಮಾಡಿಸಿದವರು ಆ ಉಗುರನ್ನು ಕತ್ತರಿಸಲಿಲ್ಲವಂತೆ. ಸತ್ತವರ ಉಗುರಿಗೆ ಕತ್ತರಿ ಹಾಕಬಾರದಂತೆ. "ಜವಾಬು ಕೊಡ್ಲಾಕ ಜೋಡಿನೇ ಒಯ್ದಾರ" ಎಂದಳು.

ಅವಳು ಹೋದ ಮೇಲೆ ಡಬ್ಬಿ ತೆರೆದೆ. ತಿರುಪಿನ ನೆತ್ತಿಯಲ್ಲಿ ಕೆಂಪು ಹನಿ ಒಂದು ಕೂದಲಿನಷ್ಟೂ ಬಿರುಕು ಬಿಟ್ಟಿರಲಿಲ್ಲ. ಬ್ಯಾಟರಿಗೆ ಜೋಡಿಸಿ ಮೀಟರು ಹಿಡಿದೆ. ಐದು. ಖಾಲಿ ಇದ್ದಾಗ ನೋಡಿ ಏನು ಪ್ರಯೋಜನ ಎನಿಸಿ, ಯಂತ್ರದ ಬಟ್ಟಲಿಗೆ ಒಂದಿಷ್ಟು ನೀರು ಹಾಕಿ ಅದನ್ನೂ ಜೋಡಿಸಿದೆ. ಮಂಜು ಎದ್ದಿತು. ಅದರ ಮುಂದೆ ಯಾವ ಮುಖವೂ ಇರಲಿಲ್ಲವಾಗಿ ಸೀದಾ ಮೇಲೆ ಹೋಗಿ ಮಾಯವಾಯಿತು. ನೀರು ತೀರುವವರೆಗೂ ನೋಡುತ್ತ ಕುಳಿತಿದ್ದೆ. ಅಂಕಿ ಐದರಿಂದ ಅಲುಗಲಿಲ್ಲ.