ಡೆಂಜಿಲ್‌ನ ಬಲಗಿವಿ

ನನ್ನ ಗಂಡ ಡೆಂಜಿಲ್‌ನ ಕಸುಬು ಪಿಯಾನೊಗಳನ್ನು ಶ್ರುತಿ ಮಾಡುವುದು. ಇಂಗ್ಲೆಂಡಿನ ಹಿಯರ್‌ಫರ್ಡ್ ಸುತ್ತಮುತ್ತಲಿನ ಚರ್ಚು, ಶಾಲೆ, ಮನೆಗಳವರು ಮೂವತ್ತೆರಡು ವರ್ಷಗಳಿಂದ ಅವನ ಕಿವಿಯನ್ನೇ ನಂಬಿದ್ದಾರೆ. ಆ ಕಿವಿ ಹೋದರೆ ಇವನಿಗೆ ಬೇರೆ ಕೆಲಸ ಗೊತ್ತಿಲ್ಲ. ಅಂಥ ಕಿವಿಯನ್ನು ಚಾವಣಿ ಬಿಚ್ಚಿದ ಕಾರಿನಲ್ಲಿ ದಿನಾ ಗಾಳಿಗೆ ಒಡ್ಡಿಕೊಂಡು ಊರೂರು ತಿರುಗುತ್ತಾನೆ.

ಚಾವಣಿ ಇಲ್ಲವೆಂದಲ್ಲ, ಹಿಂದೆ ಮಡಚಿ ಇಟ್ಟಿರುತ್ತಾನೆ. ಅವನ ಭಾನುವಾರದ ಕಾರು ಕೂಟದವರದು ಒಂದು ವ್ರತ. ಹನಿ ಬಿದ್ದರೆ ಚಾವಣಿ ಎಳೆಯಬಾರದು, ವೇಗ ಹೆಚ್ಚಿಸಬೇಕು. ಆಗ ಮಳೆ ತಲೆಯ ಮೇಲಿಂದ ಹಾರಿಹೋಗುತ್ತದಂತೆ. ಮೊದಲು ಚಾವಣಿ ಎಳೆದವನನ್ನು ಪಬ್ಬಿನಲ್ಲಿ ವರ್ಷವಿಡೀ ಆಡಿಕೊಳ್ಳುತ್ತಾರೆ. ಅರವತ್ತು ದಾಟಿದ ಗಂಡಸರು ಇವರು! ತಲೆಗೆ ಟೋಪಿ, ಕತ್ತಿಗೆ ಉಣ್ಣೆಯ ಮಫ್ಲರು, ಕೈಗೆ ಚರ್ಮದ ಗವಸು ಎಲ್ಲವೂ ಉಂಟು, ಕಿವಿಗೆ ಮಾತ್ರ ಏನೂ ಇಲ್ಲ. ಹೊರಬದಿಗಿರುವ ಬಲಗಿವಿಗಂತೂ ದಾರಿಯುದ್ದಕ್ಕೂ ಗಾಳಿಯ ಹೊಡೆತ.

ಔಷಧಿ ಅಂಗಡಿಯಿಂದ ಕಿವಿಗೆ ಇಟ್ಟುಕೊಳ್ಳುವ ಸ್ಪಂಜಿನ ಬಿರಡೆ ತಂದುಕೊಟ್ಟೆ. ಪೆಪ್ಪರ್‌ಮಿಂಟ್ ಡಬ್ಬಿಯಲ್ಲಿ ಹಾಕಿಟ್ಟ.

"ಎಂಜಿನ್ ಏನ್ ಹೇಳ್ತಿದೆ ಅಂತ ನಂಗೆ ಕೇಳಿಸ್ಬೇಡ್ವೇನೇ?" ಎಂದ.

"ಹೆಂಡ್ತಿ ಹೇಳೋದಂತೂ ಕೇಳಿಸಲ್ಲ, ಎಂಜಿನ್ದಾದ್ರೂ ಕೇಳ್ಕೋ," ಎಂದೆ.

ಮಾರ್ಚ್‌ನಲ್ಲಿ ಶಾಲೆಯ ಸಂಗೀತದ ಟೀಚರ್ ಫೋನ್ ಮಾಡಿದರು. ಶ್ರುತಿ ಮಾಡಿ ವಾರವಾಗಿಲ್ಲ, ತೀರಾ ಮೇಲಿನ ಸ್ವರಗಳು ಸರಿಯಿಲ್ಲವೆಂದರು. ಡೆಂಜಿಲ್ ಮೊದಲು ಕೋಣೆಯ ತೇವವನ್ನು ಬೈದ, ಆಮೇಲೆ ಪಿಯಾನೊವನ್ನು, ಕೊನೆಗೆ ಟೀಚರನ್ನು. ಏಪ್ರಿಲ್‌ನಲ್ಲಿ ಚರ್ಚಿನಿಂದಲೂ ಅದೇ ದೂರು ಬಂತು. ಕಿವಿ ಪರೀಕ್ಷೆ ಮಾಡಿಸು ಎಂದು ನಾನು ಗೋಗರೆದೆ. ತನ್ನ ಕಿವಿಯನ್ನು ಪರೀಕ್ಷಿಸಲು ಆ ಡಾಕ್ಟರು ಯಾರು ಎಂದು ಮೀಸೆ ತಿರುವಿದ. ಅವತ್ತು ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ನನ್ನ ಬಾಯಿ ಮುಚ್ಚಿಸಲು ಅವನೇ ಒಂದು ಪಂದ್ಯ ಹೂಡಿದ. ನಮ್ಮ ಮನೆಯ ಪಿಯಾನೊ ಮುಂದೆ ನನ್ನನ್ನು ಕೂರಿಸಿ, ತಾನು ಬೆನ್ನು ತಿರುಗಿಸಿ ಬಾಗಿಲ ಬಳಿ ನಿಂತ. ಎಡಗಿವಿಗೆ ಬೆರಳು ತುರುಕಿಕೊಂಡ.

"ಬಲಗಡೆ ಕೊನೇ ಮನೆ ಒತ್ತು, ತೀರಾ ಮೇಲಿನ ಸ್ವರದ್ದು. ಮೆಲ್ಲಗೆ. ಸರಿ ಇದ್ಯೋ ಇಲ್ವೋ ಹೇಳ್ತೀನಿ."

ಒತ್ತಿದೆ. ಸುಮ್ಮನೆ ನಿಂತಿದ್ದ. ಮತ್ತೆ ಒತ್ತಿದೆ, ಇನ್ನೊಮ್ಮೆ ಸ್ವಲ್ಪ ಜೋರಾಗಿಯೇ ಒತ್ತಿದೆ.

"ಇನ್ನೂ ಎಷ್ಟೊತ್ತು ಕಾಯಿಸ್ತೀಯ? ಒತ್ತೇ," ಎಂದ.

ಪಂದ್ಯ ನಾನೇ ಗೆದ್ದಿದ್ದೆ. ಆದರೂ ನಾಲ್ಕನೆಯ ಸಲ ಒತ್ತಿದೆ. ಅವನು ಇನ್ನೂ ಕಾಯುತ್ತಲೇ ನಿಂತಿದ್ದ.